ನೋವು ಬಿಟ್ಟುಹೋದ ವರ್ಷ

ಎರುಂಡಿನಾಳ ಪಕ್ಕದ ಸ್ಟೂಲು ನನ್ನದು.
ಗಲೀಸಿಯಾದ ಈ ಬಂದರಿನಲ್ಲಿ, ಐಸ್ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ
ಇಪ್ಪತ್ತೆರಡು ವರ್ಷ
ಒಂದೇ ಬಲೆಯ ಎರಡು ತುದಿ ಹಿಡಿದು ಕೂತಿದ್ದೇವೆ.
ಹರಿದದ್ದನ್ನು ಗಂಡಸರು ತಂದು ಹಾಕುತ್ತಾರೆ,
ಹೆಣೆದದ್ದನ್ನು ಗಂಡಸರು ಹೊತ್ತೊಯ್ಯುತ್ತಾರೆ.
ಕಾಲ್ಬೆರಳಿಗೆ ಬಲೆ, ಬಲಗೈಯಲ್ಲಿ ಸೂಜಿ,
ಮಣಿಕಟ್ಟು ಒಳಗೆ, ಹೊರಗೆ, ಒಳಗೆ, ಗಂಟು.
ದಿನಕ್ಕೆಷ್ಟೆಂದು ನಾವು ಎಣಿಸಲಿಲ್ಲ.
ಕೈ ಎಣಿಸುತ್ತಿತ್ತು.

ಮೊದಲು ರಾತ್ರಿ ಬಂತು ಅದು.
ಮೂರು ಗಂಟೆಗೆ ಎದ್ದು ಕೈ ಕೊಡವುತ್ತಿದ್ದಳಂತೆ
ಥರ್ಮಾಮೀಟರು ಕೊಡವುವ ನರ್ಸಿನ ಹಾಗೆ.
ಹೆಬ್ಬೆರಳು, ತೋರುಬೆರಳು, ನಡುಬೆರಳು,
ಉಂಗುರದ ಬೆರಳಲ್ಲಿ ಈಚೆಯ ಅರ್ಧ.
"ಅರ್ಧವೇ ನೋಡು!
ಒಂದು ಬದಿ ಉರಿಯುತ್ತೆ,
ಇನ್ನೊಂದು ಬದಿ ನನ್ನ ಗಂಡನ ಹಾಗೆ ಗೊರಕೆ ಹೊಡೆಯುತ್ತೆ."
ಏಳು ಜನ ಹೆಂಗಸರು ಹೊಟ್ಟೆ ಹಿಡಿದು ನಕ್ಕೆವು.

ಡಾಕ್ಟರು ಹೇಳಿದ್ದು ಇಷ್ಟು: ಮಣಿಕಟ್ಟಿನಲ್ಲೊಂದು ಸುರಂಗ,
ಒಂಬತ್ತು ಹುರಿ, ಒಂದು ನರ, ಸಾಲದ ಜಾಗ.
ರಾತ್ರಿ ಪಟ್ಟಿ ಕಟ್ಟು. ಕಡಿಮೆಯಾಗದಿದ್ದರೆ ಇಷ್ಟುದ್ದ ಕೊಯ್ಯೋಣ,
ಆರು ವಾರ ಬಲೆ ಮುಟ್ಟಬೇಡ.
ಆರು ವಾರ!
ಗಂಟು ಹಾಕಿದರೆ ಕಾಸು ನಮಗೆ,
ಗಂಟಿಲ್ಲದಿದ್ದರೆ ಗಂಟೂ ಇಲ್ಲ.
ಸಾರ್ಡೀನಿನ ಕಾಲ ಮುಗಿಯಲಿ ಅಂದಳು.
ಅದು ಮುಗಿದಾಗ ಟ್ಯೂನಾ,
ಟ್ಯೂನಾ ಮುಗಿದಾಗ ಮಗಳು ಸಬೇಲಾಳ ಮದುವೆ.
ಪಟ್ಟಿ ಕಪಾಟಿನೊಳಗೆ
ಮದುವೆಯ ಬಿಳಿ ಕೈಗವಸಿನ ಪಕ್ಕ ಮಲಗಿತು.

ಆಮೇಲೊಂದು ಫೆಬ್ರವರಿಯಲ್ಲಿ
ಹೇಳದೆ ಕೇಳದೆ ನೋವು ಹೊರಟುಹೋಯಿತು.
ಎರುಂಡಿನಾ ಮನೆಯಲ್ಲಿ ಇಳಿಸಿದ ಸಾರಾಯಿ ತಂದಳು.
"ಕತ್ತಿ ಹಿಡಿದವರ ಮಾತು ಕೇಳಿದ್ದರೆ!
ತಾನಾಗಿ ಬಂದದ್ದು, ತಾನಾಗಿ ಹೋಯಿತು."
ನಾನೂ ಲೋಟ ಎತ್ತಿದೆ.
ಅದೊಂದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.
ಅವತ್ತು ಅವಳ ಕೈಯಿಂದ ಲೋಟ ಜಾರಿ ಬಿತ್ತು.
ಅಮಲು ಅಂದುಕೊಂಡೆವು.

ಕೂಗಿ ಕೂಗಿ ಯಾರೂ ಬಾಗಿಲು ತೆರೆಯದಿದ್ದಾಗ
ಊರು ಬಿಟ್ಟವರನ್ನು
ಗುಣವಾದರು ಅನ್ನುತ್ತಾರೆಯೇ?

ಕೈ ಕೊಡುವುದೆಂದರೆ ಹೀಗೆ:
ಅಂಗಡಿ ಕಟ್ಟೆಯ ನಾಣ್ಯ ಎತ್ತಲಾಗದೆ
ಅಂಚಿನ ತನಕ ಜರುಗಿಸಿ, ಎಡಗೈ ಒಡ್ಡಿ ಬೀಳಿಸಿಕೊಳ್ಳುವುದು.
ಅಂಗಿಯ ಗುಂಡಿಗೆ ಕನ್ನಡಿ ಬೇಕು.
ಒಲೆಯ ಮೇಲೆ ಬೆರಳು ಸುಟ್ಟದ್ದನ್ನು
ಮೂಗು ಮೊದಲು ತಿಳಿಸಿತು.
ಸೂಜಿ ಕೈಯಲ್ಲಿದೆಯೋ ಇಲ್ಲವೋ
ನೋಡಿಯೇ ತಿಳಿಯಬೇಕು;
ಕರೆಂಟು ಹೋದರೆ, ಬೆರಳೂ ಹೋದಂತೆ.
ಹೆಬ್ಬೆರಳ ಬುಡದ ದಪ್ಪ ದಿಬ್ಬ,
ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಆ ದಿಬ್ಬ,
ಇಳಿಯಿತು, ಇನ್ನೂ ಇಳಿಯಿತು,
ದೋಣಿ ಎಳೆದೊಯ್ದ ಮೇಲೆ
ಮರಳಿನಲ್ಲಿ ಉಳಿಯುವ ಗುಂಡಿಯಾಯಿತು.

ಹನ್ನೊಂದನೆಯ ವರ್ಷ ಹೋದಳು ಆಸ್ಪತ್ರೆಗೆ.
ನರಕ್ಕೆ ತಂತಿ ಕಟ್ಟಿ ಮಾತಾಡಿಸಿದರು.
ಪರದೆಯ ಮೇಲೆ ಗೆರೆ
ಗಾಳಿಯಿಲ್ಲದ ದಿನದ ಸಮುದ್ರದಂತೆ ಮಲಗಿತ್ತು.
ಕೊಯ್ದರು, ಆದರೂ. ಬರಬಹುದು, ಬರದೆಯೂ ಇರಬಹುದು.
ಸುಳ್ಳು ಹೇಳಲಿಲ್ಲ, ಒಳ್ಳೆಯ ಡಾಕ್ಟರು.
ಎರಡು ವರ್ಷದ ಮೇಲೆ
ನಡುಬೆರಳ ತುದಿಗೆ ಮೀನಿನ ತಣ್ಣಗೆ ತಾಗಿತೆಂದಳು.
ತಾಗಿತೋ, ಕಣ್ಣು ನೋಡಿ ಹೇಳಿತೋ.
ದಿಬ್ಬ ಮರಳಲಿಲ್ಲ.

ಕಿರುಬೆರಳೊಂದು ಹಾಗೇ ಇದೆ.
ಅದರ ನರ ಸುರಂಗದ ಹೊರಗಿನ ದಾರಿಯದು.
ಈಗ ಅವಳು ಹೆಣೆಯುವುದಿಲ್ಲ, ಪರೀಕ್ಷೆ ಮಾಡುತ್ತಾಳೆ:
ನಮ್ಮ ಬಲೆಯ ಮೇಲೆ ಕಿರುಬೆರಳು ಆಡಿಸುತ್ತ
ಸಡಿಲ ಗಂಟಿನಲ್ಲಿ ನಿಲ್ಲುತ್ತಾಳೆ.
ಮಂಗಳವಾರ ಅದು ನನ್ನ ಕಡೆಯ ಗಂಟಿನಲ್ಲಿ ನಿಂತಿತು.
ಮತ್ತೊಂದರಲ್ಲಿ. ಮತ್ತೊಂದರಲ್ಲಿ.

"ರಾತ್ರಿ ಏಳುತ್ತೀಯಾ?"
ನಾನು ಸುಮ್ಮನಿದ್ದೆ.
"ನೋಯುತ್ತಾ?"
"ಜೀವ ಹೋಗುವಷ್ಟು," ಅಂದೆ.
ಅವಳ ಮುಖ ಅರಳಿದ್ದನ್ನು ಎಷ್ಟೋ ವರ್ಷದ ಮೇಲೆ ನೋಡಿದೆ.
ಕಿರುಬೆರಳಿಂದ ನನ್ನ ಸೂಜಿಯ ದಾರ ಕೊಕ್ಕೆ ಹಾಕಿ ಎಳೆದುಕೊಂಡಳು.
"ಪುಣ್ಯವಂತೆ. ಬಸ್ಸು ಹತ್ತೂವರೆಗೆ."