ಐದನೆಯದು

ಶಿವರಾಂಪೇಟೆಯ ಅಂಗಡಿ. ಇನಾಸಪ್ಪನವರು
ಮೊದಲು ಕೊಟ್ಟದ್ದು ಕಡುನೀಲಿ, ನವಿಲಿನಂಥದ್ದು.
ನಾಲ್ಕು ತಂತಿಯವರೆಗೂ ಮಾತು ಸ್ಪಷ್ಟ;
ಐದನೆಯದು, ಆ ಕೆಳಗಿನ ಬಿ,
ಒದ್ದೆ ಬಟ್ಟೆ ಹೊತ್ತ ಹಗ್ಗದ ಹಾಗೆ ಜೋಲು.

ಎರಡನೆಯದು ಭಾರ. ಮೂರು ಗಂಟೆ ರಿಸೆಪ್ಷನ್ನಿಗೆ
ನನ್ನ ಎಡಭುಜ ಒಪ್ಪಲಿಲ್ಲ.

‘ಇನ್ನೊಂದಿದೆ, ಆದರೆ ರೇಟು...’ ಎಂದು
ಪೆಟ್ಟಿಗೆಯನ್ನೇ ನೋಡುತ್ತ ನಿಂತರು.
ಬಣ್ಣವಿಲ್ಲ. ಬರೀ ಮರ, ಕತ್ತಿಗೆ ಬೀಟೆಯ ಪಟ್ಟಿ.
ಒಂದೇ ಸ್ವರ ಮೀಟಿದೆ.
ಆಂಪಿನ ಮೇಲಿನ ಲೋಟದಲ್ಲಿ ಕಾಫಿ ನಡುಗಿತು.
ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು:
ಕಬ್ಬು ಅರೆಯುವ ತಿಂಗಳು, ಮಂಡ್ಯದಲ್ಲಿ,
ಅಪ್ಪನ ಶಿಫ್ಟು ಮುಗಿಯಲೆಂದು
ಕಾರ್ಖಾನೆ ಗೋಡೆಗೊರಗಿ ಕೂತಾಗ
ಇಟ್ಟಿಗೆಯಿಂದ ಮೈಗೆ ಹತ್ತುತ್ತಿದ್ದ
ಅದೇ ಗುಂಯ್.

ಎರಡು ಲಕ್ಷ ಹನ್ನೊಂದು ಸಾವಿರ.
ನಲವತ್ತೊಂದು ಮದುವೆ, ಒಂದು ಗಣಪತಿ ಪೆಂಡಾಲು,
ಮಾರಿದ ಒಂದು ಜೊತೆ ಬಳೆ.
ನಾನು ಎಣಿಸುವಾಗ ಇನಾಸಪ್ಪನವರು
ಆರಿದ ಕಾಫಿಯನ್ನೇ ಕುಡಿದರು.

ಬಸ್ಸಿನಲ್ಲಿ ಕಂಡಕ್ಟರು: ‘ಏನಕ್ಕಾ ಇದು, ವೀಣೇನಾ?’
ಅಲ್ಲ ಅಂದೆ. ಲಗೇಜು ಅಂತ ಚೀಟಿ ಹರಿದ.
ಶ್ರೀರಂಗಪಟ್ಟಣದಲ್ಲಿ ಜನ ಹತ್ತುವ ತನಕ
ಎಂಜಿನ್ನು ಸುಮ್ಮನೆ ಗುರುಗುಡುತ್ತಿತ್ತು.
ಚೀಲದೊಳಗೆ, ಯಾರೂ ಮುಟ್ಟದೆ,
ಐದನೆಯದು ಓಗೊಟ್ಟಿತು.