ಗಿರಣಿಯೊಳಗ ಕರೆಂಟು ಹೋದಾಗ

ಗುರುಗುಂಟಾದ ಗಿರಣಿಯೊಳಗ ಕರೆಂಟು ಹೋತು.
ಬೆಲ್ಟು ಎರಡು ಸುತ್ತು ಸುಮ್ಮನ ತಿರುಗಿ ನಿಂತಿತು.
ಸಾಲಿನ್ಯಾಗ ಹನ್ನೊಂದು ಡಬ್ಬಿ,
ಏಳನೇದು ನಮ್ಮದು,
ಗುರುತಿಗೆ ಮ್ಯಾಲೊಂದು ಚಪ್ಪಟಿ ಕಲ್ಲು.

ಆ ಕಲ್ಲು ಮೌನೇಶಣ್ಣ ಕೊಟ್ಟದ್ದು.
ಜೀಪಿನವರ ಕೂಡ ಗುಡ್ಡಕ್ಕ ಹೋಗಿ
ಬೋರು ಹೊಡೆದಂಗ ಕೊರೆದು,
ಕೋಲು ಕೋಲು ಕಲ್ಲು ತಗದು, ನಂಬರು ಬರೆದು
ಪೆಟ್ಟಿಗಿಯೊಳಗ ಮಲಗಿಸೋದು ಅವನ ಕೆಲಸ.
ಉಗುರಿಲೆ ಕೆರೆದರ ಪದರು ಪದರು ಏಳತಾವು,
ಉಳ್ಳಾಗಡ್ಡಿ ಸಿಪ್ಪಿ ಹಂಗ, ಬಣ್ಣಾನೂ ಹಂಗಽ.

"ಇದರಾಗ ಲಿಥಿಯಂ ಐತಂತ," ಅಂದ,
"ಮೊಬೈಲಿನ ಬ್ಯಾಟರಿಗೆ ಬೇಕು, ಕರೆಂಟಿನ ಬಸ್ಸಿಗೆ ಬೇಕು.
ದೊಡ್ಡ ದೊಡ್ಡ ದೇಶ ಇದಕ್ಕ ಪೈಪೋಟಿಗೆ ಬಿದ್ದಾವು."
ಕಲ್ಲಿನ ಸಲುವಾಗಿ ಯಾರರ ಜಗಳಾಡತಾರೇನು?
ಕೇಳಿದೆ. ನಕ್ಕ. ಉತ್ತರ ಅವಗೂ ಗೊತ್ತಿರಲಿಲ್ಲ.

ಉತ್ತರ ಕೊಟ್ಟಾಕಿ ಗಿರಣಿ ಮಹಿಬೂಬಿ,
ಹುಬ್ಬಿಗೂ ಹಿಟ್ಟು, ಮೂಗುತಿಗೂ ಹಿಟ್ಟು.

"ಹುಲಿಗೆವ್ವಾ, ಜ್ವಾಳ ಯಾರ ಮನ್ಯಾಗ ಐತಿ?"
"ಎಲ್ಲಾರ ಮನ್ಯಾಗೂ."
"ಗಿರಣಿ?"
"ನಿಂದೊಂದಽ."
"ನಾಳೆ ನಾ ಕೀಲಿ ಹಾಕಿದೆ ಅನ್ನು.
ಇಲ್ಲಾ, ನಿಮ್ಮ ಓಣಿಯವರಿಗೆ ಬೀಸೂದಿಲ್ಲ ಅಂದೆ ಅನ್ನು."
ಹಸಿ ಜ್ವಾಳ ಹಲ್ಲಿಗೆ ಸಿಕ್ಕಂಗಾತು ನನಗ.

"ಇದೂ ಹಂಗಽ. ಕಲ್ಲು ಭಾಳ ದೇಶದಾಗ ಐತಿ.
ಬೀಸಿ, ತೊಳೆದು, ಸೋಸಿ ಹಸನು ಮಾಡೋ ಗಿರಣಿ
ಹೆಚ್ಚಿನವು ಒಂದಽ ದೇಶದಾಗ.
ಉಳಿದವರಿಗೆ ಅದಕ್ಕ ನಿದ್ದಿ ಬರವಲ್ದು.
ನಮ್ಮೂರಾಗೂ ಗಿರಣಿ, ನಮ್ಮೂರಾಗೂ ಗಿರಣಿ ಅಂತ
ಜೋಳಿಗಿ ಹಿಡಕೊಂಡು ಊರೂರು ತಿರಗತಾರ.
ನಿನ್ನ ಕಲ್ಲು ನನಗ ಕೊಡು, ರಸ್ತೆ ಮಾಡಿಸಿಕೊಡ್ತೀನಿ ಅಂತಾರ."

"ನಿನಗ ಹೆಂಗ ಗೊತ್ತು?"
"ಸಾಲಿನ್ಯಾಗ ನಿಂತವರು ಮಾತಾಡತಾರ.
ಕರೆಂಟು ಇಲ್ಲದಾಗ ಕಿವಿ ಚಲೋ ಕೇಳತಾವು."

ಕಲ್ಲು ಕೈಯಾಗ ಹಿಡಿದು ನೋಡಿದೆ.
ಜ್ವಾಳ ಬೀಸಾಕ ಕೊಡೋ ಮುಂಚೆ ನಮ್ಮವ್ವ
ದಪ್ಪ ತೆನಿ ಆರಿಸಿ, ಬೂದಿ ಕಲಸಿ,
ಬಿತ್ತಾಕಂತ ಗಡಿಗ್ಯಾಗ ಮುಚ್ಚಿಡತಾಳ.
"ಚಿಗವ್ವಾ, ಕಲ್ಲಿಗೆ ಬೀಜ ಐತೇನು?"

ಮಹಿಬೂಬಿ ಬಾಯಿ ತೆಗೆದಳು, ಮುಚ್ಚಿದಳು.
ಹೊರಗ, ನಮ್ಮ ಆಡು ಮೇಯೋ ಗುಡ್ಡ
ಬಿಸಲಾಗ ಕುಂತಿತ್ತು.

ಅಷ್ಟರಾಗ ಕರೆಂಟು ಬಂತು, ಬೆಲ್ಟು ತಟತಟ ಅಂತು,
ಯಾರ ಮಾತೂ ಯಾರಿಗೂ ಕೇಳದಂಗಾತು.

ಬಿಸಿ ಹಿಟ್ಟಿನ ಡಬ್ಬಿ ಹೊತ್ತು ಮನಿಗೆ ಬಂದರ
ಅಪ್ಪನ ಸತ್ತ ಮೊಬೈಲು ಲಾರಿ ಮಾಡಿ
ನೆಲದ ಮ್ಯಾಲ ತಿಕ್ಕತಿದ್ದ ತಮ್ಮ.
ಕಸಗೊಂಡೆ. ಜೋರು ಅತ್ತ.
ಯಾವ ದೇಶದ್ದೋ ಏನೋ,
ಅದರೊಳಗ ಒಂದು ಚಿಟಿಕಿ ಗುಡ್ಡ ಐತಿ ಅಂತ
ಎರಡು ವರ್ಷದವಗ ಹೆಂಗ ಹೇಳಲಿ?