ಎರಡು ಗ್ರಾಮ್

ಮಂಡ್ಯದ ಕಾರ್ಖಾನೆ ಗೇಟಿನ ತೂಕದ ಮನೆಯಲ್ಲಿ ನಾನು
ಹತ್ತು ಕೇಜಿಗಿಂತ ಕಮ್ಮಿ ಏನನ್ನೂ ನಂಬಿದವನಲ್ಲ.
ನನ್ನ ಮುಳ್ಳಿಗೆ ಅದರ ಕೆಳಗೆ ಲೋಕವೇ ಇಲ್ಲ.
ಗಾಡಿ ಏರುತ್ತದೆ, ಹಲಗೆ ನರಳುತ್ತದೆ,
ಎತ್ತಿನ ಉಸಿರು ಕಿಟಕಿಯ ಗಾಜಿಗೆ ಬಂದು ಕೂರುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಮುಂದಿನದು.

ಮೊನ್ನೆ ಹಳೇ ಕಡತ ಸುಡುವಾಗ
ಲ್ಯಾಬಿನ ಶ್ರೀಕಂಠಾರಾಧ್ಯರು ಒಂದು ಲಕೋಟೆ ಎಳೆದುಕೊಂಡರು,
ಯಾವ ಕಾಲಕ್ಕೋ ಕ್ಯೂಬಾದಿಂದ ಬಂದದ್ದು, ಕಬ್ಬಿನ ತಳಿಯ ವಿಚಾರ.
ಒಳಗಿನ ಕಾಗದ ಗೆದ್ದಲಿನ ಪಾಲು.
ಮೇಲಿನ ಸ್ಟಾಂಪು ಉಳಿದಿತ್ತು:
ಉಗುರಿನಷ್ಟು ಹಕ್ಕಿ,
ಕೊರಳಿಗೆ ಕೆಂಡ.

"ಹಮ್ಮಿಂಗ್‌ಬರ್ಡು ಕಣಯ್ಯ. ಅದೂ ನಮ್ಮಂಗೇ ಕಬ್ಬಿನ ಸೀಮೆ.
ಆ ದ್ವೀಪದಲ್ಲೇ ಹುಟ್ಟಿ ಅಲ್ಲೇ ಸಾಯೋದು ಇದು, ಬೇರೆಲ್ಲೂ ಇಲ್ಲ.
ನಮ್ಮ ಸೂರಕ್ಕಿ ಇದರ ಮುಂದೆ ಪೈಲ್ವಾನ.
ತೂಕ ಎರಡು ಗ್ರಾಮು. ಅದೂ ತುಂಬಲ್ಲ."

ಎರಡು ಗ್ರಾಮು ಅಂದರೆ ಎಷ್ಟು?
ಇಪ್ಪತ್ತಾರು ವರ್ಷ ತೂಗಿದವನಿಗೆ ಗೊತ್ತಿರಲಿಲ್ಲ.
ಪೇಟೆಬೀದಿಯ ಚೌಡಾಚಾರಿ ನಕ್ಕ, ಡಬ್ಬಿ ತೆಗೆದ,
ನನ್ನ ಅಂಗೈಗೆ ಹದಿನಾರು ಗುಲಗಂಜಿ ಎಣಿಸಿದ.
ಮುಷ್ಟಿ ಕಟ್ಟಿ ಕಣ್ಣು ಮುಚ್ಚಿದೆ.
ಏನೂ ಇಲ್ಲ ಅಂತು ಕೈ.
ಆ ಇಲ್ಲದ್ದರೊಳಗೇ ಕೊಕ್ಕು, ಕರುಳು, ಸಿಟ್ಟು,
ಗೂಡು ಕಟ್ಟುವ ಯೋಚನೆ,
ಸೆಕೆಂಡಿಗೆ ಎಂಬತ್ತು ಸಲ ಬಡಿಯುವ ರೆಕ್ಕೆ,
ಹೂವಿನ ಮುಂದೆ ಬರೀ ಗಾಳಿಗೆ ಗೂಟ ಹೊಡೆದು
ನಿಂತೇ ಕುಡಿಯುವ ಹಟ.

ಆ ರಾತ್ರಿ ಪಾಳಿಗೆ ಜೇಬಿನಲ್ಲಿ ಗುಲಗಂಜಿ.
ಕೊತ್ತತ್ತಿಯ ಕುಳ್ಳವ್ವನ ಗಾಡಿ ಏರಿ ನಿಂತಿತ್ತು.
ಇಳಿದು ಹೋದೆ, ಗಾಲಿಯ ಪಕ್ಕ ಹಲಗೆಯ ಮೇಲೆ
ಹದಿನಾರನ್ನೂ ಇಟ್ಟು ಬಂದೆ.
ಮುಳ್ಳು ಕದಲಲಿಲ್ಲ.

"ಅದೇನ್ ಸಾಮಿ ಮಡಗಿದ್ದು?"
"ಹಕ್ಕಿ."
"ನನ್ ಲೆಕ್ಕಕ್ಕೆ ಸೇರ್ಸುದ್ರಾ?"
"ಇದರಲ್ಲಿ ತೋರಿಸಲ್ಲ ಕಣವ್ವ."
ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತ
"ಹಾರೋದ್ನ ಎಲ್ಲಾರ ತೂಗಕ್ಕಾದದಾ?
ಕೂತ್ಕಳಗಂಟ ಕಾಯಿ" ಅಂದಳು,
ಎತ್ತಿನ ಬಾಲ ತಿರುವಿದಳು.

ಗಾಡಿ ಹೋಯಿತು. ಕಾಕಂಬಿಯ ವಾಸನೆ, ಮಂಜು,
ಹಿಂದೆ ಇನ್ನೂ ನಲವತ್ತು ಗಾಡಿ.
ಬ್ಯಾಟರಿ ಹಿಡಿದು ಹಲಗೆಯ ಸಂದಿಯಲ್ಲೆಲ್ಲ ತಡಕಿದೆ.
ಹದಿನೈದು ಸಿಕ್ಕವು.

ಬೆಳಿಗ್ಗೆ ಲೆಕ್ಕ ತಾಳೆಯಾಯಿತು.